ಕೂರಬಾರದ ಸೋಫಾ

ಸೋಫಾದ ಮೇಲೆ ಕಾಫಿ ಚೆಲ್ಲಿದ ಕೂಡಲೇ ಅಳಿಯ ಮೊದಲು ಕಿಟಕಿಯ ಪರದೆ ಎಳೆದ. ಆಮೇಲೆ ಅಂಗಿ ಬಿಚ್ಚಿ ಕಲೆಯ ಮೇಲೆ ಒತ್ತಿದ. ಉಜ್ಜಲಿಲ್ಲ. ಉಜ್ಜಿದರೆ ಕಲೆ ಒಳಗಿಳಿಯುತ್ತದೆ ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಪಾಠ ಮಾಡಿದ್ದರು.

ಹಾಲ್ ನಡುವಿನ ಆ ಕಂದು ಸೋಫಾ ಅತ್ತೆಯ ಪಂಚಪ್ರಾಣ. ಸ್ವೀಡ್ ಅಂತ ಹೆಸರಷ್ಟೇ. ಚರ್ಮವಲ್ಲ, ಚರ್ಮದ ವೇಷ ಹಾಕಿದ ಬಟ್ಟೆ. ಮೈತುಂಬ ನವಿರಾದ ಎಳೆಗಳು, ಬೆರಳಾಡಿಸಿದರೂ ಗೆರೆ ಮೂಡುತ್ತದೆ. ಅತ್ತೆ ಬೆಳಿಗ್ಗೆ ಎದ್ದವರೇ ಮೆತ್ತನೆಯ ಬ್ರಷ್ಷಿನಿಂದ ಅದನ್ನೆಲ್ಲ ಒಂದೇ ಕಡೆಗೆ ಬಾಚುತ್ತಾರೆ. ಒಂದು ದಿನ ಕಿಟಕಿ ಕಡೆಗೆ, ಇನ್ನೊಂದು ದಿನ ಬಾಗಿಲ ಕಡೆಗೆ. ಸಂಜೆ ಬಗ್ಗಿ ನೋಡಿದರೆ ಸಾಕು, ಯಾರು ಎಲ್ಲಿ ಕೂತರು ಎಂಬುದೆಲ್ಲ ಬಯಲು. ಹಾಗಾಗಿ ಮನೆಮಂದಿಯೆಲ್ಲ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸೋಫಾದ ಮುಖ ನೋಡುತ್ತ ಕೂರುತ್ತಾರೆ.

"ಕೂತವರ ಹಾಸಿಗೆ ವರಾಂಡಕ್ಕೆ" ಎಂಬುದು ಅತ್ತೆಯ ಕಾನೂನು. ಅವರ ಸ್ವಂತ ತಮ್ಮನೇ ಒಮ್ಮೆ ತುದಿಯಲ್ಲಿ ಕುಂಡಿಯೂರಿ ಸಿಕ್ಕಿಬಿದ್ದಿದ್ದ. ವರಾಂಡದಲ್ಲಿ ಸೊಳ್ಳೆಗಳಿಗೆ ಊಟವಾಗಿ, ಬೆಳಕು ಹರಿಯುವ ಮುಂಚೆಯೇ ಗಂಟುಮೂಟೆ ಕಟ್ಟಿದ್ದ. ಅಳಿಯನಿಗೆ ಹೋಗಲು ಬೇರೆ ಮನೆಯಿಲ್ಲ; ಅವನ ಮನೆಯ ತಾರಸಿ ರಿಪೇರಿಯಲ್ಲಿದೆ. ಸೊಂಟ ಬೇರೆ ಹಿಡಿದುಕೊಂಡಿದೆ. ವರಾಂಡದ ಕಲ್ಲುನೆಲದ ಮೇಲೆ ಮಲಗಿದರೆ ಮತ್ತೆ ಏಳುವ ಮಾತೇ ಇಲ್ಲ.

ಆ ಹಾಳು ಸೊಂಟವೇ ಇವತ್ತು ಅವನನ್ನು ಮಧ್ಯಾಹ್ನಕ್ಕೇ ಆಫೀಸಿನಿಂದ ಮನೆಗೆ ಅಟ್ಟಿತ್ತು. ಹೆಂಡತಿ ಕೆಲಸದಲ್ಲಿ, ಅತ್ತೆ ಅವರ ಅಕ್ಕನ ಮನೆಯಲ್ಲಿ. ತನ್ನ ಕೀಲಿಯಿಂದ ಬೀಗ ತೆಗೆದು ಕಾಫಿ ಮಾಡಿಕೊಂಡ. ಒಂದೇ ಒಂದು ಗಳಿಗೆ ಅಂತ ಬಾಗಿಲ ಪಕ್ಕದ ತುದಿಯಲ್ಲಿ ಕೂತ. ಅಯ್ಯಯ್ಯೋ, ಅದೆಂಥ ಸುಖ! ಕಣ್ಣು ತಾನಾಗಿಯೇ ಮುಚ್ಚಿತು, ಲೋಟ ವಾಲಿತು.

ತಣ್ಣೀರಿಗೆ ಒಂದು ತೊಟ್ಟು ಸೋಪು ಹಾಕಿದ. ಬಿಳಿ ಬಟ್ಟೆ ಅದ್ದಿ, ಹಿಂಡಿ, ಒತ್ತಿ ಎತ್ತಿದ, ಒತ್ತಿ ಎತ್ತಿದ. ನೀರು ಜಾಸ್ತಿಯಾದರೆ ಅದೇ ಇನ್ನೊಂದು ಕಲೆ. ಹೆಂಡತಿಯ ಹೇರ್ ಡ್ರೈಯರ್ ತಂದು ತಣ್ಣನೆಯ ಗಾಳಿ ಬಿಟ್ಟ. ಬಿಸಿ ಗಾಳಿಗೆ ಎಳೆಗಳು ಸುಟ್ಟು ಅಂಟಿಕೊಳ್ಳುತ್ತವಂತೆ. ಕಲೆ ಹೋಯಿತು. ಬದುಕಿದೆಯಾ ಬಡಜೀವವೇ ಎಂದುಕೊಂಡ.

ಇನ್ನು ಬಾಚುವುದು. ಬ್ರಷ್ ಎಂದಿನಂತೆ ಗೋಡೆಯ ಮೊಳೆಯಲ್ಲಿರಲಿಲ್ಲ, ಸೋಫಾದ ಕೆಳಗೆ ಬಿದ್ದಿತ್ತು. ಇವತ್ತು ಯಾವ ಕಡೆಗೆ? ಒರಗುವ ಭಾಗದ ಎಳೆ ನೋಡಿದ. ಬಾಗಿಲ ಕಡೆಗೆ. ಬಾಚಲು ಬಗ್ಗಿದವನು ಬೆಚ್ಚಿದ. ತಗ್ಗು ಎರಡಿದ್ದವು! ಒಂದು ತಾನು ಕೂತಲ್ಲಿ. ಇನ್ನೊಂದು ಕಿಟಕಿ ಪಕ್ಕ, ಅದಕ್ಕಿಂತ ಅಗಲ. ಗಾಬರಿಯಲ್ಲಿ ಆ ಕಡೆಗೂ ಹೊರಳಿದೆನೇನೋ ಎಂದು ತಲೆ ಚಚ್ಚಿಕೊಂಡ. ಅದರ ಪಕ್ಕದಲ್ಲೇ ಅತ್ತೆಯ ಕನ್ನಡಕ. ಕಾವಲಿಗೆ ಕನ್ನಡಕವನ್ನೇ ಇಟ್ಟು ಹೋಗಿದ್ದಾರಲ್ಲ, ಎಂಥ ಹೆಂಗಸಪ್ಪಾ! ಅದನ್ನು ಕೂದಲೆಳೆಯಷ್ಟೂ ಅಲುಗಿಸದೆ ಸುತ್ತ ಬಾಚಿ, ಎರಡೂ ತಗ್ಗು ಅಳಿಸಿದ.

ಗೇಟು ಕಿರುಗುಟ್ಟಿತು. ಅತ್ತೆ ಚಪ್ಪಲಿಯನ್ನೂ ಬಿಡದೆ ಏದುಸಿರು ಬಿಡುತ್ತ ಒಳಗೆ ನುಗ್ಗಿದರು. ಅವನನ್ನು ಕಂಡು ಗಕ್ಕನೆ ನಿಂತರು.

"ನೀವ್ಯಾಕೆ ಇಷ್ಟು ಬೇಗ?"

"ಸೊಂಟ ನೋವು. ನೀವ್ಯಾಕೆ ಅತ್ತೆ ಇಷ್ಟು ಬೇಗ?"

"ಕನ್ನಡಕ ಮರೆತಿದ್ದೆ." ಅವರ ಕಣ್ಣು ಮಾತ್ರ ಸೋಫಾದ ಮೇಲಿತ್ತು. ಕನ್ನಡಕ ಎತ್ತಿ ಹಾಕಿಕೊಂಡು ಬಗ್ಗಿದರು. ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಮುಖದ ಬಣ್ಣ ಇಳಿಯಿತು.

"ಇದನ್ನ ಬಾಚಿದ್ದು ಯಾರು?"

ಅಳಿಯ ಕೈ ಜೋಡಿಸಿದ. "ತಪ್ಪಾಯ್ತು ಅತ್ತೆ, ನಾನೇ. ಎರಡೂ ಕಡೆ ತಗ್ಗಾಗಿತ್ತು. ಎರಡನ್ನೂ ಬಾಚಿಬಿಟ್ಟೆ."

"ಎರಡನ್ನೂ ನೋಡಿದ್ರಾ?"

"ನೋಡಿದೆ." ವರಾಂಡದ ಕಲ್ಲುನೆಲ ಅವನ ಕಣ್ಣ ಮುಂದೆ ಬಂತು.

ಅತ್ತೆ ಹೋಗಿ ಬಾಗಿಲ ಚಿಲಕ ಹಾಕಿದರು. ಸೆರಗಿನಿಂದ ಮುಖ ಒರೆಸಿಕೊಂಡು, ದನಿ ತಗ್ಗಿಸಿದರು.

"ಕಿಟಕಿ ಪಕ್ಕ ಎಂದಿನ ಹಾಗೆ ನನ್ನದೇ, ಬಾಗಿಲ ಪಕ್ಕ ಬೇಕಾದ್ರೆ ನೀವು ಕೂತ್ಕೊಳ್ಳಿ ಅಳಿಯಂದ್ರೆ, ಮಗಳ ಹತ್ರ ಮಾತ್ರ ದಮ್ಮಯ್ಯ, ಬಾಯಿ ಬಿಡಬೇಡಿ."