ಡಾಕ್ಟರರ ಮೀಸೆ

ಡಾಕ್ಟರು ತಮ್ಮ ಕೈಯಲ್ಲಿದ್ದ ಯಂತ್ರದ ಗುಂಡಿ ಒತ್ತಿದರು. ಪಾರ್ಕಿನ್ಸನ್ ಕಾಯಿಲೆಯಿಂದ ವರ್ಷಗಟ್ಟಲೆ ನಡುಗುತ್ತಿದ್ದ ಕ್ಷೌರಿಕನ ಬಲಗೈ ಮೇಜಿನ ಮೇಲೆ ತಣ್ಣಗೆ ಮಲಗಿಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಆ ಕೈ ಹಿಡಿದು ಅಲ್ಲಾಡಿಸಿದಳು. "ಅಯ್ಯೋ, ಕೈ ಬಿದ್ದೋಯ್ತಾ ಡಾಕ್ಟ್ರೇ?"

"ಬಿದ್ದಿಲ್ಲಮ್ಮ, ಸುಮ್ಮನಾಗಿದೆ. ಮಿದುಳಲ್ಲಿ ಕರೆಂಟು ಅಡ್ಡಾದಿಡ್ಡಿ ಓಡ್ತಿತ್ತು. ಆಪರೇಷನ್ ಮಾಡಿ ಒಳಗಿಟ್ಟ ತಂತಿ ಈಗ ಅದನ್ನ ಹದಕ್ಕೆ ತಂದಿದೆ."

ಕ್ಷೌರಿಕ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಅವು ಹೇಳಿದ ಮಾತು ಕೇಳಿದವು. ಗಿರಾಕಿಗಳು ಹೆದರಿ ಪಕ್ಕದ ಅಂಗಡಿಗೆ ಹೋದದ್ದು, ಕೊನೆಗೆ ತಾನೇ ಅಂಗಡಿಯ ಬಾಗಿಲೆಳೆದದ್ದು ನೆನಪಾಯಿತು. ತಲೆಯೆತ್ತಿದಾಗ ಕಣ್ಣು ಡಾಕ್ಟರರ ಮೀಸೆಯ ಮೇಲೆ ನಿಂತಿತು. ಎಡಗಡೆಯದು ತುಟಿ ದಾಟಿತ್ತು, ಬಲಗಡೆಯದು ತುಟಿಯನ್ನೇ ಮುಟ್ಟಿರಲಿಲ್ಲ. ಮೊದಲ ಭೇಟಿಯಿಂದಲೂ ಅದು ಅವನ ಕಣ್ಣು ಚುಚ್ಚುತ್ತಲೇ ಇತ್ತು.

"ಸಾರ್, ಒಂದು ಕತ್ತರಿ ಕೊಡ್ಸಿ. ನಿಮ್ಮ ಮೀಸೆ ಸರಿ ಮಾಡ್ತೀನಿ."

"ರೀ, ಸುಮ್ನಿರಿ. ಅವರ ತುಟಿಗೇನಾದ್ರೂ ಆದ್ರೆ?" ಎಂದು ಹೆಂಡತಿ ತೋಳು ಜಗ್ಗಿದಳು.

ಡಾಕ್ಟರು ಯಂತ್ರವನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. ಮಾಡಿದ ಕೆಲಸದ ಮೇಲೆ ತಮಗೇ ನಂಬಿಕೆಯಿಲ್ಲ ಅನ್ನುವ ಹಾಗಿರಲಿಲ್ಲ. "ನಡೀಲಿ" ಎಂದು ಕುರ್ಚಿಗೆ ಒರಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ನರ್ಸ್ ತಂದುಕೊಟ್ಟ ಕತ್ತರಿ ಅವರ ಮೂಗಿನ ಕೆಳಗೆ ಒಮ್ಮೆ ಕಚಕ್ಕೆಂದಿತು. ಅಷ್ಟರಲ್ಲೇ ಕ್ಷೌರಿಕ ಕೈ ತಡೆದು, ಅವರ ಗಲ್ಲವನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದುಕೊಂಡ.

"ನಡುಗಬೇಡಿ ಸಾರ್," ಎಂದ. "ಹೀಗಾದ್ರೆ ನಾನು ಕೆಲಸ ಹೇಗೆ ಮಾಡ್ಲಿ?"