ಎಡಗೈ ಬರಹದ ಪದಕ

ಪತ್ರದ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೇಜು ಕುಂಟಿತು. ‘ಮಹನೀಯರು’ ಎಂಬ ಪದದ ಬಾಲ ಕಾಗದದ ಅಂಚಿನವರೆಗೂ ಜಾರಿತು. ಮೇಷ್ಟ್ರು ಎಡಗೈಯಲ್ಲಿದ್ದ ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದರು. ಮಧ್ಯಾಹ್ನದ ಹೊತ್ತು, ಔಷಧಿ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹೆಂಡತಿ ಮುಂದಿನ ಕಪಾಟಿನಲ್ಲಿ ಅವಧಿ ಮುಗಿದ ಡಬ್ಬಿಗಳನ್ನು ಬೇರೆ ಮಾಡುತ್ತಿದ್ದರು.

ಮೇಷ್ಟ್ರು ಓದಿದ ಫಾರ್ಮಸಿ ಕಾಲೇಜಿನಿಂದ ಬೆಳಗಿನ ಟಪಾಲಿನಲ್ಲಿ ದಪ್ಪ ಲಕೋಟೆಯೊಂದು ಬಂದಿತ್ತು. ವರ್ಷಕ್ಕೊಂದು ಬರುವುದು ವಾಡಿಕೆ. ಇಪ್ಪತ್ತು ವರ್ಷದ ಹಿಂದೆ ಒಂದನ್ನು ಒಡೆದಿದ್ದರು. ಅದರಲ್ಲಿ ಕಾಲೇಜಿನವರು ಹೊಸ ಕಟ್ಟಡಕ್ಕೆ ದೇಣಿಗೆ ಕೇಳಿದ್ದರು. ಅಂದಿನಿಂದ ಒಡೆಯುವ ಗೋಜಿಗೆ ಹೋಗಿರಲಿಲ್ಲ. ಈ ವರ್ಷದ್ದನ್ನೂ ಮಡಚಿ, ಮೇಜಿನ ಗಿಡ್ಡ ಕಾಲಿನ ಕೆಳಗೆ ಹಳೆಯವುಗಳ ಜೊತೆ ತುರುಕಿದರು. ಮೇಜು ನೆಟ್ಟಗೆ ನಿಂತಿತು.

“ದೇಣಿಗೆ ಕೇಳೋಕೆ ವಿಳಾಸ ನೆನಪಿರುತ್ತೆ,” ಎಂದು ಗೊಣಗಿಕೊಂಡರು. “ಪದಕ ಕೊಡೋವಾಗ ಮಾತ್ರ ಮರೆತುಹೋಗುತ್ತೆ.”

ಆ ಪದಕವನ್ನು ಕಾಲೇಜು ತನ್ನ ಹಳೆಯ ವಿದ್ಯಾರ್ಥಿಗೆ ಕೊಡುತ್ತಿತ್ತು: ನಾಯಕತ್ವಕ್ಕೆ, ಮಾರ್ಗದರ್ಶನಕ್ಕೆ, ವೃತ್ತಿಸೇವೆಗೆ. ಯಾರಾದರೂ ಹೆಸರು ಸೂಚಿಸಿ ಪತ್ರ ಬರೆಯಬೇಕು. ಪದಕ ಶುರುವಾಗಿ ಹತ್ತೊಂಬತ್ತು ವರ್ಷ. ಮೇಷ್ಟ್ರು ಅಂಗಡಿಯಲ್ಲಿ ಪಳಗಿಸಿ ಕಳಿಸಿದ ಶಿಷ್ಯರು ನಲವತ್ತೆರಡು ಮಂದಿ. ವೈದ್ಯರ ಚೀಟಿಯನ್ನು ಎರಡು ಸಲ ಓದದೆ ಡಬ್ಬಿಗೆ ಕೈ ಹಾಕಬಾರದೆಂದು ತಲೆ ತಿಂದು ತಿಂದು, ‘ಎರಡ್ಸಲ ಮೇಷ್ಟ್ರು’ ಎಂಬ ಅಡ್ಡಹೆಸರನ್ನೂ ಸಂಪಾದಿಸಿದ್ದರು. ಅಷ್ಟು ಜನರಲ್ಲಿ ಒಬ್ಬರಿಗಾದರೂ ನಾಲ್ಕು ಸಾಲು ಗೀಚಲು ಪುರುಸೊತ್ತಿಲ್ಲವೇ? ಅದೇ ಅವರನ್ನು ಕೊರೆಯುತ್ತಿತ್ತು. ಪದಕದ ಆಸೆಯೇನೋ ಇತ್ತು. ಅದಕ್ಕಿಂತ ಹೆಚ್ಚಾಗಿ, ಯಾರಾದರೂ ತನ್ನನ್ನು ನೆನೆಯಬೇಕಿತ್ತು.

ಯಾರೂ ನೆನೆಯದಿದ್ದರೆ ತಾನೇ ನೆನೆದುಕೊಳ್ಳುವುದು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು, ಅದೂ ಬರಹದ ಗುರುತು ಸಿಗದಂತೆ ಎಡಗೈಯಲ್ಲಿ! ‘ಥೂ, ಈ ವಯಸ್ಸಿಗೆ ಇದೊಂದು ಬಾಕಿ ಇತ್ತು,’ ಎಂದು ತನ್ನನ್ನೇ ಬೈದುಕೊಳ್ಳುತ್ತ ಬರೆದರು. ಮಾರ್ಗದರ್ಶನಕ್ಕೆ ಅರ್ಧ ಪುಟ, ಸೇವೆಗೆ ಅರ್ಧ ಪುಟ. ನಾಯಕತ್ವದ ಹತ್ತಿರ ಪೆನ್ನು ನಿಂತಿತು. ಅಂಗಡಿಯಲ್ಲಿ ಹೆಂಡತಿಯ ಮಾತೇ ಕೊನೆಯ ಮಾತು. ತಾನು ಯಾರಿಗೆ ನಾಯಕ? ‘ಸಹಜ ನಾಯಕ’ ಎಂದಷ್ಟೇ ಬರೆದು, ‘ಒಬ್ಬ ಕೃತಜ್ಞ ಶಿಷ್ಯ’ ಎಂದು ಮುಗಿಸಿದರು. ಅಂಚೆಗೆ ಹಾಕುವ ಮುಂಚೆ ಎರಡು ಸಲ ಓದಿದರು. ಎರಡನೇ ಸಲ ಓದುವಾಗ ಆ ಶಿಷ್ಯನ ಮೇಲೆ ಅವರಿಗೇ ಅಭಿಮಾನ ಉಕ್ಕಿತು.

ತಿಂಗಳು ಕಳೆಯುವಷ್ಟರಲ್ಲಿ ಕಾಲೇಜಿನ ಗುಮಾಸ್ತರ ಫೋನು ಬಂತು. “ಈ ಸಲದ ಪದಕ ನಿಮಗೇ ಸಾರ್. ಮನೆಯವರನ್ನೂ ಕರ್ಕೊಂಡು ಬನ್ನಿ. ಆಯ್ಕೆ ಸಮಿತಿಗೆ ಈ ವರ್ಷ ನಿಮ್ಮ ಮೊದಲ ಶಿಷ್ಯೆನೇ ಅಧ್ಯಕ್ಷರು.”

ಮೇಷ್ಟ್ರು ಫೋನನ್ನು ತಲೆಕೆಳಗಾಗಿ ಇಟ್ಟರು.

ಆ ಹುಡುಗಿಗೆ ಸುಳ್ಳು ಬರಹವನ್ನು ಪತ್ತೆಹಚ್ಚುವುದನ್ನು ಕಲಿಸಿದ್ದು ಅವರೇ. “ಅಕ್ಷರ ನೋಡಬೇಡಮ್ಮ, ಕೈ ನೋಡು. ಪೆನ್ನು ಎಲ್ಲಿ ಎತ್ತುತ್ತೆ ಅಂತ ನೋಡು. ಎಷ್ಟೇ ವೇಷ ಹಾಕಲಿ, ಅದು ಬದಲಾಗಲ್ಲ.” ಮೂರನೇ ತಿಂಗಳಲ್ಲೇ ಅವಳು ನಿದ್ದೆ ಮಾತ್ರೆಯ ಸುಳ್ಳು ಚೀಟಿಯೊಂದನ್ನು ಹಿಡಿದು, ತಂದವನನ್ನು ಗಿರಾಕಿಗಳೆಲ್ಲರ ಮುಂದೆ ನಿಲ್ಲಿಸಿ ನೀರಿಳಿಸಿದ್ದಳು. ಮೇಷ್ಟ್ರು ಆಗ ಚಪ್ಪಾಳೆ ತಟ್ಟಿದ್ದರು.

ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಕೂತು ಕರವಸ್ತ್ರ ಹಿಂಡುವಷ್ಟು ಬೆವರಿದರು.

“ಯಾಕ್ರೀ ಹಿಂಗೆ ಬೆವರ್ತಿದೀರಾ?” ಹೆಂಡತಿ ಕೇಳಿದರು.

“ಕೋಟು ಬಿಗಿ.”

“ಕೋಟು ನನ್ನ ತೊಡೆ ಮೇಲಿದೆ.”

ಹಿಂದಿನ ಸಾಲುಗಳಲ್ಲಿ ಹಳೆಯ ಶಿಷ್ಯರು ತುಂಬಿಕೊಂಡಿದ್ದರು. ಮಾನ ಹರಾಜಾಗುವುದನ್ನು ನೋಡಲು ಊರೂರಿಂದ ಬಂದಿದ್ದಾರೆ ಎಂದುಕೊಂಡರು ಮೇಷ್ಟ್ರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು ಎಂದು ಅವರಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಹೆಸರು ಕರೆದಾಗ ಕಾಲೆಳೆದುಕೊಂಡು ವೇದಿಕೆ ಹತ್ತಿದರು.

ಅಧ್ಯಕ್ಷೆ ಮೈಕಿನ ಮುಂದೆ ನಿಂತರು. “ಇವರು ಕಲಿಸಿದ್ದು ಬಹಳ. ಆದರೆ ವಿನಯ ಅಂದರೆ ಏನು ಅನ್ನೋದನ್ನ ಬಾಯಿಬಿಟ್ಟು ಕಲಿಸಲಿಲ್ಲ, ಬದುಕಿ ತೋರಿಸಿದರು. ಸಿಗುವ ಗೌರವವನ್ನು ವರ್ಷ ವರ್ಷವೂ ಬೇಡ ಅಂದ ಇನ್ನೊಬ್ಬರನ್ನು ನಾನು ಕಂಡಿಲ್ಲ.”

ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂಥ ಮಹಾನುಭಾವ ಯಾರಪ್ಪಾ ಎಂದು ಮೇಷ್ಟ್ರು ಹಿಂತಿರುಗಿ ನೋಡಿದರು. ಹಿಂದೆ ಪರದೆ ಮಾತ್ರ ಇತ್ತು.

ಪದಕ ಚುಚ್ಚಲು ಅವಳು ಹತ್ತಿರ ಬಂದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಅಮ್ಮಾ, ಆ ಎಡಗೈ ಪತ್ರ...”

“ಪೆನ್ನು ಎತ್ತೋ ಜಾಗ ನೋಡಿದ ತಕ್ಷಣ ಗೊತ್ತಾಯ್ತು ಸಾರ್.” ಚಪ್ಪಾಳೆಯ ಮರೆಯಲ್ಲಿ ಅವಳು ಪಿಸುಗುಟ್ಟಿದಳು. “ಕಣ್ಣಲ್ಲಿ ನೀರೇ ಬಂತು. ನಾವೆಲ್ಲ ಪ್ರತಿ ವರ್ಷ ನಿಮ್ಮ ಹೆಸರು ಬರೆದು ಕಳಿಸ್ತಾನೇ ಇದ್ವಿ. ಆದ್ರೆ ನಿಮ್ಮ ಕೈಬರಹದ ಒಪ್ಪಿಗೆ ಇಲ್ದೆ ಪದಕ ಕೊಡೋ ಹಾಗಿಲ್ಲ, ಒತ್ತಾಯ ಮಾಡೋ ಹಾಗೂ ಇಲ್ಲ. ನಿಯಮ. ಈ ಸಲ ಅಂತೂ ನಿಮ್ಮ ಕೈಬರಹ ಬಂತು. ಎಡಗೈ ಆದ್ರೇನು, ನಿಮ್ದೇ ಕೈ ತಾನೆ? ಅದನ್ನೇ ಒಪ್ಪಿಗೆ ಅಂತ ಫೈಲಿಗೆ ಸೇರಿಸಿದೆ.” ಪಿನ್ನು ಸರಿಮಾಡುತ್ತ ನಕ್ಕಳು. “ಆದ್ರೂ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹತ್ತೊಂಬತ್ತು ವರ್ಷ ಕಾಲೇಜಿಂದ ಕಳಿಸಿದ ಒಪ್ಪಿಗೆ ಪತ್ರಗಳನ್ನೆಲ್ಲ ಏನ್ಮಾಡಿದ್ರಿ ಸಾರ್?”

ಎರಡು ಸಲ ಓದದೆ ಯಾವ ಚೀಟಿಯನ್ನೂ ನಂಬದ ಮೇಷ್ಟ್ರು ತಲೆ ತಗ್ಗಿಸಿದರು: ಹತ್ತೊಂಬತ್ತೂ ಅಂಗಡಿಯಲ್ಲಿ, ಮೇಜಿನ ಗಿಡ್ಡ ಕಾಲಿನ ಕೆಳಗೆ, ಒಂದು ಸಲವೂ ಒಡೆಯದೆ ಬಿದ್ದಿದ್ದವು.