ಭಾವನ ಮೂಗಿನ ಮೇಲಿನ ಕೂಲಿಂಗ್ ಗ್ಲಾಸ್

ವಿಸಿಟ್ ವೀಸಾದಲ್ಲಿ ಬಂದ ಜಯಕರ ದುಬೈ ವಿಮಾನ ನಿಲ್ದಾಣದ ಬಾಗಿಲು ದಾಟಿ ಹೊರಗೆ ಬರುತ್ತಲೇ ಸರ್ವೋತ್ತಮನ ಕಣ್ಣರಳಿತು. ತಂಗಿಯ ಗಂಡ ಬಂದ ಸಂತೋಷಕ್ಕಲ್ಲ, ಅವನ ಮೂಗಿನ ಮೇಲೆ ಕೂತಿದ್ದ ಕೂಲಿಂಗ್ ಗ್ಲಾಸಿಗೆ.

ಅದೇ! ತೊಂಬತ್ತರ ದಶಕದಲ್ಲಿ ಸೈಕಲ್ ರೇಸಿನವರಿಗೆಂದು ಮಾಡಿದ್ದು. ಕಪ್ಪು ಫ್ರೇಮು, ಬೆಂಕಿ ಬಣ್ಣದ ಲೆನ್ಸು. ಹಳೆಯ ಸ್ಪೋರ್ಟ್ಸ್ ಕನ್ನಡಕ ಕೂಡಿಹಾಕುವ ಹುಚ್ಚು ಸರ್ವೋತ್ತಮನದು. ಆ ಮಾಡೆಲಿನ ಬಿಳಿ, ನೀಲಿ, ಹಸಿರು ಅವನ ಶೋಕೇಸಿನಲ್ಲಿವೆ. ಕಪ್ಪು ಸಿಕ್ಕಿದಾಗಲೆಲ್ಲ ಲೆನ್ಸು ಬೇರೆಯದ್ದು. ಕಾರ್ಖಾನೆಯಿಂದ ಫ್ರೇಮಿನೊಂದಿಗೇ ಬಂದ ಲೆನ್ಸು ಇಲ್ಲದಿದ್ದರೆ ಅದು ಬೇರೆಯವರ ಹಲ್ಲುಸೆಟ್ಟು ಹಾಕಿಕೊಂಡ ಹಾಗೆ ಅನ್ನುವುದು ಅವನ ವಾದ. ಲೋಕವೆಲ್ಲ ಹುಡುಕಿದ ಮಹಾಶಯ, ಈ ಹುಚ್ಚು ಹತ್ತುವ ಮೊದಲು ತಂಗಿ ಬೇಬಿಯ ಮದುವೆಯಲ್ಲಿ ಮದುಮಗನಿಗೆ ತಾನೇ ಅದನ್ನು ಉಡುಗೊರೆ ಕೊಟ್ಟದ್ದನ್ನು ಮರೆತೇಬಿಟ್ಟಿದ್ದ! ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಕೊಟ್ಟ ಕನ್ನಡಕವನ್ನು ತಿರುಗಿ ಕೇಳಿದರೆ ಮಾನ ಉಳಿದೀತೇ?

ಕೇಳದೆ ಪಡೆಯುವ ಉಪಾಯವನ್ನು ಅವನು ರಾತ್ರಿ ಹೆಂಡತಿ ಚಂದ್ರಮತಿಗೆ ಹೇಳಿದ. ಜೆಬೆಲ್ ಅಲಿಯ ಅವನ ಕಂಪನಿಯ ಅರಬ್ ಯಜಮಾನನ ಪೆನ್ನನ್ನೋ ತಸ್ಬೀಹ್ ಜಪಮಾಲೆಯನ್ನೋ ನೋಡಿ ಚೆಂದ ಉಂಟು ಅಂದರೆ ಸಾಕು, ಆತ ಅದನ್ನು ಅಲ್ಲೇ ಕೈಗಿಡುತ್ತಾನೆ. "ಹೊಗಳಿದ್ದನ್ನು ಕೊಡದಿದ್ದರೆ ಮರ್ಯಾದೆ ಅಲ್ಲ. ಗೊತ್ತುಂಟಾ ನಿನಗೆ?"

"ಜಯಕರಣ್ಣ ಏನು ನಿಮ್ಮ ಅರಬ್ ಯಜಮಾನನಾ?" ಎಂದು ಚಂದ್ರಮತಿ ನಕ್ಕಳು.

ಮರುದಿನ ಬರ್ ದುಬೈಯ ಅಬ್ರಾ ದೋಣಿಯಲ್ಲಿ ಕೂತದ್ದೇ ತಡ, ಸರ್ವೋತ್ತಮ ಶುರುಮಾಡಿದ. "ನಿಮ್ಮ ಗ್ಲಾಸ್ ಭಾರೀ ಚೆಂದ ಉಂಟು ಭಾವಾ."

"ನೀವೇ ಕೊಟ್ಟದ್ದಲ್ವಾ ಮಾರಾಯ್ರೆ!"

"ನಾನಾ? ನೆನಪೇ ಇಲ್ಲ." ಹಸಿ ಸುಳ್ಳು. "ಇಂಥದ್ದು ಇಡೀ ದುಬೈಯಲ್ಲಿ ಹುಡುಕಿದ್ರೂ ಸಿಗ್ಲಿಕ್ಕಿಲ್ಲ. ಆ ಲೆನ್ಸಿನ ಬಣ್ಣ ನೋಡಿ, ಅಬ್ಬಬ್ಬಾ!"

ಜಯಕರ ಗ್ಲಾಸನ್ನು ತೆಗೆದ. ಸರ್ವೋತ್ತಮನ ಅಂಗೈ ತನ್ನಷ್ಟಕ್ಕೇ ಅರಳಿತು. ಜಯಕರ ಅದನ್ನು ಅಂಗಿಯ ತುದಿಯಿಂದ ಚೆನ್ನಾಗಿ ಒರಸಿ ಮತ್ತೆ ಮೂಗಿಗೇರಿಸಿದ. "ನೀವು ಹೇಳಿದ್ದು ಒಳ್ಳೆಯದಾಯ್ತು ಭಾವಾ. ಹಳತಾಯ್ತು, ಇದನ್ನು ಇಲ್ಲೇ ಬಿಸಾಡಿ ಹೊಸತು ತೆಗೊಳ್ಳುವ ಅಂತ ಇದ್ದೆ!"

ಸರ್ವೋತ್ತಮನಿಗೆ ದೋಣಿಯಿಂದ ಹಾರಿಬಿಡೋಣ ಅನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಕಸದ ಬುಟ್ಟಿಯಿಂದಲೇ ಎತ್ತಿಕೊಳ್ಳಬಹುದಿತ್ತಲ್ಲ! ಆಮೇಲೆ ಜಯಕರ ಊಟಕ್ಕೆ ಕೂತಾಗಲೂ ಗ್ಲಾಸ್ ತೆಗೆಯಲಿಲ್ಲ. ಮೀನಿನ ಮುಳ್ಳು ಕಾಣದೆ ತಡಕಾಡಿದನೇ ಹೊರತು ತೆಗೆಯಲಿಲ್ಲ.

ಹೊರಡುವ ದಿನ ಪೆಟ್ಟಿಗೆ ಕಟ್ಟಿ ಆದ ಮೇಲೆ ಜಯಕರ ಶೋಕೇಸಿನ ಮುಂದೆ ನಿಂತ. "ಈ ಬಿಳಿದು ಕೂಡ ಭಾರೀ ಚೆಂದ ಉಂಟಲ್ವಾ ಭಾವಾ?"

ಸರ್ವೋತ್ತಮ ಕಿವಿ ಕೇಳದವನಂತೆ ಎಸಿ ರಿಮೋಟ್ ಒತ್ತತೊಡಗಿದ. ಈ ಕನ್ನಡಕಗಳಿಗೆ ಜಾಗ ಮಾಡಲು ತನ್ನ ಪಿಂಗಾಣಿ ಸೆಟ್ಟನ್ನು ಶೋಕೇಸಿನಿಂದ ಮಂಚದ ಅಡಿಗೆ ತಳ್ಳಬೇಕಾಗಿ ಬಂದಿದ್ದ ಚಂದ್ರಮತಿ ಅಡುಗೆಮನೆಯಿಂದ ಓಡಿಬಂದಳು. "ತೆಗೊಳ್ಳಿ ಅಣ್ಣಾ! ಹೊಗಳಿದ್ದನ್ನು ಕೊಡದಿದ್ದರೆ ಮರ್ಯಾದೆ ಅಲ್ಲ ಅಂತ ಇವರೇ ಹೇಳುವುದು."

"ಅದು... ಭಾವನ ಮುಖಕ್ಕೆ ಹೊಂದ್ಲಿಕ್ಕಿಲ್ಲ ಅಂತ," ಸರ್ವೋತ್ತಮ ತೊದಲಿದ.

"ನನಗಲ್ಲ ಭಾವಾ, ಬೇಬಿಗೆ," ಎಂದ ಜಯಕರ, ಆಗಲೇ ಶೋಕೇಸಿನ ಗಾಜು ಸರಿಸುತ್ತ. ತಂಗಿಯ ಹೆಸರು ಬಂದ ಮೇಲೆ ಯಾವ ಅಣ್ಣ ಬೇಡ ಅನ್ನುತ್ತಾನೆ?

ವಾರದೊಳಗೆ ಊರಿನಿಂದ ವಾಟ್ಸಾಪಿನಲ್ಲಿ ಫೋಟೋ ಬಂತು. ಅಡುಗೆಮನೆಯ ನೆಲದಲ್ಲಿ ಈಳಿಗೆಮಣೆಯ ಮೇಲೆ ಬೇಬಿ, ಮುಂದೆ ನೀರುಳ್ಳಿಯ ರಾಶಿ, ಕಣ್ಣನ್ನು ಎರಡೂ ಬದಿಯಿಂದ ಬಿಗಿಯಾಗಿ ಮುಚ್ಚಿದ ಬಿಳಿ ಫ್ರೇಮು. ಬೆನ್ನಿಗೇ ಅವಳ ದನಿಯೂ ಬಂತು:

"ಅಣ್ಣಾ, ಎಷ್ಟು ಕೊಯ್ದ್ರೂ ಕಣ್ಣಲ್ಲಿ ಒಂದು ಹನಿ ನೀರಿಲ್ಲ! ಅತ್ತೆಗೂ ಒಂದು ಬೇಕಂತೆ. ನೀಲಿ ಉಂಟಂತಲ್ಲ, ಕಳಿಸ್ತೀಯಾ?"